ದೊರೆಮಗ ಮತ್ತು ಪುಟ್ಟ: ಒಂದು ಬೇಸ್‌ಬಾಲ್ ತಂಡದ ಐದೂವರೆ ಋತು

ಈ ಪ್ರಕರಣದ ಮುಖ್ಯ ವ್ಯಕ್ತಿಯನ್ನು ರಾಯರು ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಊರು, ತಂಡ, ಆಟಗಾರರ ಹೆಸರುಗಳನ್ನೂ ಬಿಟ್ಟಿದ್ದೇನೆ. ಆಟಗಾರರು ಹೇಗೂ ಗಣಕ ಹುಟ್ಟಿಸಿದವರು, ಅವರ ಮಾನಕ್ಕೆ ಧಕ್ಕೆಯಿಲ್ಲ. ರಾಯರು ಮಾತ್ರ ಈ ಬರಹವನ್ನು ಮೊದಲೇ ಓದಿ, ಎರಡು ಕಡೆ ಮುಖ ಕಿವುಚಿ, ಆಮೇಲೆ ಒಪ್ಪಿದ್ದಾರೆ.

ರಾಯರು ಬ್ಯಾಂಕಿನಲ್ಲಿ ಮೂರು ದಶಕ ದುಡಿದು ನಿವೃತ್ತರಾದವರು. ಮಗ ಅಮೆರಿಕದಲ್ಲಿದ್ದಾನೆ. ಒಂದು ವರ್ಷ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದವರು ಆರು ತಿಂಗಳು ಟಿವಿಯ ಮುಂದೆ ಕುಳಿತರು. ಒಂದೊಂದು ತಂಡಕ್ಕೂ 162 ಪಂದ್ಯ, ಅಂದರೆ ಹೆಚ್ಚುಕಡಿಮೆ ದಿನವೂ ಒಂದು. ಊಟ ಮುಗಿಸಿ ಕೈ ಒರೆಸಿಕೊಂಡು ಬಂದರೂ ಸ್ಕೋರು ಅದೇ 0–0 ಆಗಿರುವ ಈ ಆಟ ಅವರಿಗೆ ಹೇಗೋ ಹಿಡಿಸಿತು. ಊರಿಗೆ ಮರಳುವಾಗ ಅವರ ಲ್ಯಾಪ್‌ಟಾಪಿನಲ್ಲಿ 'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್' ಇತ್ತು. 1999ರಲ್ಲಿ ಮೊದಲು ಬಂದ ಈ ಆಟವನ್ನು ಶುರು ಮಾಡಿದವರು ಮಾರ್ಕಸ್ ಹೈನ್‌ಸೋನ್ ಎಂಬ ಜರ್ಮನ್ ಎನ್ನುವುದು ನನಗೆ ಇಂದಿಗೂ ಸೋಜಿಗ. ಇದರಲ್ಲಿ ನಾವು ಬ್ಯಾಟು ಬೀಸುವುದಿಲ್ಲ, ತಂಡ ನಡೆಸುತ್ತೇವೆ. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಹದಿನೆಂಟರ ಹುಡುಗನನ್ನು ಯಾವ ಮೆಟ್ಟಿಲಲ್ಲಿ ಆಡಿಸಬೇಕು ಎಂಬುದೇ ಆಟ.

ನಾನು ನಡೆಸುವ ಆನ್‌ಲೈನ್ ಲೀಗಿನಲ್ಲಿ 30 ತಂಡಗಳಿವೆ. ಹನ್ನೊಂದನ್ನು ಮನುಷ್ಯರು ನೋಡಿಕೊಳ್ಳುತ್ತಾರೆ, ಉಳಿದವನ್ನು ಗಣಕ. ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಹತ್ತರೊಳಗೆ ಎಲ್ಲರೂ ತಮ್ಮ ತಂಡದ ಕಡತ ಕಳಿಸಬೇಕು. ನಾನು ಏಳು ದಿನದ ಪಂದ್ಯಗಳನ್ನು ಓಡಿಸಿ ಹೊಸ ಕಡತ ಏರಿಸುತ್ತೇನೆ. ಹೀಗೆ ಒಂದು ಋತು ಮುಗಿಯಲು ಒಂಬತ್ತು ವಾರ ಬೇಕು. ಹೊಸಬರಿಗೆ ಮೊದಲ ಮೂರು ಋತು ನಾನು ಸಲಹೆ ಕೊಡಬಹುದು. ಆಮೇಲೆ ಕಮಿಷನರ್ ಆದವನು ಬಾಯಿ ಮುಚ್ಚಿಕೊಂಡಿರಬೇಕು. ಈ ನಿಯಮ ಮುಂದೆ ನನ್ನ ಗಂಟಲಿಗೇ ಸಿಕ್ಕಿಕೊಂಡಿತು.

ರಾಯರಿಗೆ ಸಿಕ್ಕಿದ್ದು ಕೊನೆಯ ಸಾಲಿನ ತಂಡ. ಹೊಸ ಹುಡುಗರನ್ನು ತಂಡಗಳು ಒಂದಾದ ಮೇಲೊಂದು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಸೋತ ತಂಡಕ್ಕೆ ಮುಂಚಿನ ಸರದಿ ಸಿಗುತ್ತದೆ. ಮೊದಲ ಋತುವಿನ ಜುಲೈಯಲ್ಲಿ ಮೂರನೆಯ ಆಯ್ಕೆಯಾಗಿ ಅವರು ಹೈಸ್ಕೂಲು ಮುಗಿಸಿದ 18ರ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಹುಡುಗನನ್ನು ತಂದರು. ಅವನನ್ನು ದೊರೆಮಗ ಎನ್ನೋಣ. ಅದೇ ವರ್ಷ ಜನವರಿಯಲ್ಲಿ, ಮಿಕ್ಕಿದ್ದ ಚಿಲ್ಲರೆ ಹಣಕ್ಕೆ, ಡೊಮಿನಿಕನ್ ಗಣರಾಜ್ಯದ 16ರ ಹುಡುಗನೊಬ್ಬನಿಗೂ ಸಹಿ ಹಾಕಿಸಿದ್ದರು. ಅವನು ಪುಟ್ಟ. ಅವನ ವಿಷಯ ಆಮೇಲೆ. ರಾಯರೂ ಆಮೇಲೆಯೇ ನೋಡಿದರು.

ಏಣಿ

ಬೇಸ್‌ಬಾಲ್‌ನಲ್ಲಿ ಆಟಗಾರನನ್ನು 20ರಿಂದ 80ರ ಅಳತೆಗೋಲಿನಲ್ಲಿ ತೂಗುತ್ತಾರೆ. ಇದು ಆಟಕ್ಕಾಗಿ ಕಟ್ಟಿದ್ದಲ್ಲ, ಆಟಗಾರರನ್ನು ಹುಡುಕಿ ಅಳೆಯುವ ನಿಜವಾದ ಸ್ಕೌಟ್‌ಗಳೂ ಇದನ್ನೇ ಬಳಸುತ್ತಾರೆ. 50 ಎಂದರೆ ಮೇಜರ್ ಲೀಗಿನ, ಅಂದರೆ ಎಲ್ಲಕ್ಕೂ ಮೇಲಿನ ಲೀಗಿನ, ಸಾಧಾರಣ ಆಟಗಾರ. ಪ್ರತಿ ಹುಡುಗನ ಮುಂದೆ ಎರಡು ಅಂಕಗಳಿರುತ್ತವೆ. ಒಂದು ಈಗ ಎಷ್ಟು, ಇನ್ನೊಂದು ಮುಂದೆ ಎಷ್ಟಾಗಬಹುದು. ದೊರೆಮಗನಿಗೆ ಈಗ 30, ಮುಂದೆ 70.

ರಾಯರು ಆ 70ನ್ನು ಓದಿದ್ದು ಬ್ಯಾಂಕಿನವರ ಕಣ್ಣಿನಲ್ಲಿ. ಠೇವಣಿ ಪತ್ರದ ಕೆಳಗೆ ಮುಕ್ತಾಯದ ಮೊತ್ತ ಮುದ್ರಿಸಿರುವುದಿಲ್ಲವೇ? ಅವಧಿ ತುಂಬಿದರೆ ಕೈಗೆ ಬರಲೇಬೇಕಾದ ಹಣ ಅದು. ಆದರೆ ಆಟದಲ್ಲಿ ಆ ಅಂಕ ಸ್ಕೌಟ್ ಒಬ್ಬನ ಅಂದಾಜು. ಹುಡುಗನ ನಿಜವಾದ ಅಂಕ ಒಳಗೆಲ್ಲೋ ಅಡಗಿರುತ್ತದೆ, ಅದೂ ಕಾಲಕಾಲಕ್ಕೆ ಏರುತ್ತದೆ, ಇಳಿಯುತ್ತದೆ. ಎಷ್ಟು ಏರಿಳಿಯಬೇಕೆಂಬುದಕ್ಕೆ ಆಟದಲ್ಲಿ ಒಂದು ತಿರುಗಣೆಯೇ ಇದೆ, ಮೊದಲಿನಿಂದ 100ಕ್ಕೆ ಇಟ್ಟಿರುತ್ತಾರೆ. ನಮ್ಮ ಲೀಗಿನಲ್ಲೂ 100.

ಮೇಜರ್ ಲೀಗಿಗೆ ಮೊದಲು ಐದು ಮೆಟ್ಟಿಲು: ರೂಕಿ, ಲೋ-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ದೊರೆಮಗ ರೂಕಿ ಲೀಗಿನಲ್ಲಿ 25 ಪಂದ್ಯಗಳಲ್ಲಿ 0.318 ಸರಾಸರಿ ಹೊಡೆದ. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಹೇಳುವುದಾದರೆ, ಹತ್ತರಲ್ಲಿ ಮೂರು ಸಲ ಹೊಡೆದವನು ಒಳ್ಳೆಯ ಬ್ಯಾಟರ್. ರಾಯರು ಹಿಗ್ಗಿದರು. ಎರಡನೆಯ ಋತುವಿನ ಏಪ್ರಿಲ್‌ನಲ್ಲಿ ಲೋ-ಎ, ಜೂನ್‌ನಲ್ಲಿ ಹೈ-ಎ, ಆಗಸ್ಟ್‌ನಲ್ಲಿ ಡಬಲ್-ಎ. ಹೈ-ಎಯಲ್ಲೇ ಸರಾಸರಿ 0.247ಕ್ಕೆ ಇಳಿದಿತ್ತು. ಡಬಲ್-ಎಯಲ್ಲಿ 0.198. ಬ್ಯಾಟಿಂಗಿನ ಮೂರು ಸರದಿಗೆ ಒಂದು ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟ್.

ಸ್ವಲ್ಪ ನಿಲ್ಲಿಸಿ ಸರ್ ಎಂದೆ.

"ನೋಡಿ ಇವರೇ, ಸಚಿನ್ 16ಕ್ಕೆ ಕರಾಚಿಯಲ್ಲಿ ವಕಾರ್ ಎದುರು ನಿಂತಿದ್ದ. ಇವನಿಗೆ 19."

ಕ್ರಿಕೆಟ್ ನೋಡಿ ಬೆಳೆದ ನಮ್ಮೆಲ್ಲರ ತಲೆಯಲ್ಲಿ ಈ ವಾದ ಕುಳಿತಿದೆ. ಆದರೆ ಬೇಸ್‌ಬಾಲ್‌ನ ಏಣಿ ಹಾಗಿಲ್ಲ. ಮೊದಲ ಸುತ್ತಿನಲ್ಲಿ ಆರಿಸಿದ ಹೈಸ್ಕೂಲಿನ ಹುಡುಗರೂ ಸಾಮಾನ್ಯವಾಗಿ ಹಲವು ವರ್ಷ ಕೆಳಗೆ ಬೆವರು ಸುರಿಸಿಯೇ ಮೇಲೆ ಬರುತ್ತಾರೆ. ರಾಯರು ಕೇಳಲಿಲ್ಲ. ಸೆಪ್ಟೆಂಬರ್ 1ಕ್ಕೆ ಮೇಜರ್ ಲೀಗ್ ತಂಡದ ಬಲ 26ರಿಂದ 28ಕ್ಕೆ ಏರುತ್ತದೆ. ಆ ಹೆಚ್ಚಿನ ಎರಡು ಜಾಗದಲ್ಲಿ ಒಂದನ್ನು ದೊರೆಮಗನಿಗೆ ಕೊಟ್ಟರು. ತಿಂಗಳಲ್ಲಿ ಅವನು ಬ್ಯಾಟು ಹಿಡಿದದ್ದು 14 ಸಲ, ಹೊಡೆದದ್ದು ಒಂದೇ. ಆಟ ಅದನ್ನು ಸುದ್ದಿಯಾಗಿ ಬರೆದಿತ್ತು. ರಾಯರು ಆ ಪುಟದ ಚಿತ್ರ ತೆಗೆದು ನನಗೆ ಕಳಿಸಿದ್ದರು. ಚಿತ್ರದ ಮೂಲೆಯಲ್ಲಿ ಕಾಫಿ ಲೋಟದ ನೆರಳೂ ಬಿದ್ದಿತ್ತು.

ಈ ಬಡ್ತಿಗೆ ತೆತ್ತ ಬೆಲೆ ಆ ದಿನ ಇಬ್ಬರಿಗೂ ಕಾಣಲಿಲ್ಲ. ಮೇಜರ್ ಲೀಗಿನಲ್ಲಿ ಒಂದು ದಿನ ಆಡಬೇಕಾದರೂ ಹುಡುಗನ ಹೆಸರು ತಂಡದ 40 ಮಂದಿಯ ಪಟ್ಟಿಗೆ ಸೇರಬೇಕು. ಸೇರಿದ ಮೇಲೆ ಅವನನ್ನು ಮೈನರ್ ಲೀಗಿಗೆ, ಅಂದರೆ ಕೆಳಗಿನ ಮೆಟ್ಟಿಲುಗಳಿಗೆ, ಇಳಿಸಿ ಇಟ್ಟುಕೊಳ್ಳಲು ಮೂರು ಋತುಗಳ ಅವಕಾಶವಿರುತ್ತದೆ. ಅದಕ್ಕೆ ಆಪ್ಷನ್ ಎನ್ನುತ್ತಾರೆ. ಕೆಲವರಿಗೆ ನಾಲ್ಕನೆಯದೂ ಸಿಗುವ ನಿಯಮ ನಿಜವಾದ ಮೇಜರ್ ಲೀಗಿನಲ್ಲಿದೆ, ನಮ್ಮಲ್ಲಿ ಅದನ್ನು ತೆಗೆದಿದ್ದೇವೆ. 18ಕ್ಕೆ ಸಹಿ ಹಾಕಿದ ಹುಡುಗನಿಗೆ ಐದನೆಯ ಋತುವಿನ ಕೊನೆಯವರೆಗೂ ಈ ಪಟ್ಟಿಯಲ್ಲಿ ಜಾಗ ಕೊಡಬೇಕಾಗಿಯೇ ಇರಲಿಲ್ಲ. ರಾಯರು ಎರಡನೆಯ ಋತುವಿನಲ್ಲೇ ಕೊಟ್ಟರು.

ಚಳಿಗಾಲದ ಸ್ಕೌಟ್ ವರದಿಯಲ್ಲಿ 70 ಇದ್ದದ್ದು 60 ಆಗಿತ್ತು. ಮೂರನೆಯ ಋತುವಿನ ಮೇ ಹೊತ್ತಿಗೆ 50.

71 ಸರದಿ

ರಾಯರು ಕೈಕಟ್ಟಿ ಕೂರುವವರಲ್ಲ. ಸ್ಕೌಟ್ ಸರಿಯಿಲ್ಲವೆಂದು ಅವನನ್ನು ಬಿಡಿಸಿ ಇನ್ನೊಬ್ಬನನ್ನು ತಂದರು. ಹೊಸಬ 55 ಎಂದ. ಐದು ಅಂಕ ಮರಳಿತೆಂದು ರಾಯರಿಗೆ ಖುಷಿ. ಹುಡುಗ ಅದೇ, ಕಣ್ಣು ಬೇರೆ ಎಂಬುದು ಅವರಿಗೆ ಹೊಳೆಯಲಿಲ್ಲ. ಡಬಲ್-ಎ ತಂಡಕ್ಕೆ ದುಬಾರಿ ಬ್ಯಾಟಿಂಗ್ ಕೋಚ್ ಬಂದ. ಹುಡುಗನಿಗೆ ಸೆಂಟರ್ ಫೀಲ್ಡ್ ಕಲಿಸಲು ಹೊರಟು ಮೂರು ವಾರದಲ್ಲಿ ಕೈಬಿಟ್ಟರು. ಜೂನ್‌ನ ಒಂದು ಭಾನುವಾರ ಮಧ್ಯಾಹ್ನ ಫೋನ್ ಮಾಡಿ, "ಮೇಲಕ್ಕೇ ಕರೆದುಬಿಡಲೇ? ನೀರಿಗೆ ಬಿದ್ದ ಮೇಲೆ ಈಜು ತಾನಾಗಿ ಬರುತ್ತದೆ" ಎಂದರು.

ಪರದೆ ಹಂಚಿಕೊಳ್ಳಿ ಎಂದೆ. ಸ್ಕೌಟ್ ವರದಿ ಮುಚ್ಚಿಸಿ, ಡಬಲ್-ಎ ತಂಡದ ಬ್ಯಾಟಿಂಗ್ ಪಟ್ಟಿ ತೆರೆಸಿದೆ. ಎರಡು ವರ್ಷದಲ್ಲಿ ಅವರು ಆ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. ಕೆಳಗಿನ ತಂಡಗಳ ಪಟ್ಟಿಯನ್ನು ನಾವು ಬರೆಯದಿದ್ದರೆ ಗಣಕದ ಮ್ಯಾನೇಜರ್ ಬರೆಯುತ್ತಾನೆ. ಅವನು ಬರೆದಿದ್ದ. ಶಾರ್ಟ್‌ಸ್ಟಾಪ್ ಜಾಗದಲ್ಲಿ 27ರ ವಯಸ್ಸಿನ ಒಬ್ಬ ಆಟಗಾರ. ಮುಂದೆ ಏನೂ ಆಗುವವನಲ್ಲ, ಆದರೆ ಇವತ್ತಿನ ಮಟ್ಟಿಗೆ ದೊರೆಮಗನಿಗಿಂತ ಮೇಲು. ಪಂದ್ಯ ಗೆಲ್ಲಬೇಕಾದ ಮ್ಯಾನೇಜರ್ ಅವನನ್ನೇ ಆಡಿಸಬೇಕು, ಆಡಿಸಿದ್ದ. ದೊರೆಮಗನ ಹೆಸರು ಬೆಂಚಿನ ಸಾಲಿನಲ್ಲಿತ್ತು. ತಂಡ 58 ಪಂದ್ಯ ಆಡಿತ್ತು. ಅವನಿಗೆ ಸಿಕ್ಕಿದ್ದು 71 ಸರದಿ. ದಿನವೂ ಆಡುವವನಿಗೆ ಅಷ್ಟರಲ್ಲಿ ಇನ್ನೂರು ದಾಟಿರುತ್ತದೆ.

"ಆ 27ರವನನ್ನು ತಂದವರು ಯಾರು ಸರ್?"

"ನಾನೇ. ಜಾಗ ಖಾಲಿಯಿತ್ತು ಅಂತ."

ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ಕುಕ್ಕರ್ ಕೂಗುವುದು ಕೇಳುತ್ತಿತ್ತು. ನಂತರ ಅವರೇ ಹೇಳಿದರು: "ನಮ್ಮ ಶಾಖೆಗೆ ಹೊಸ ಹುಡುಗರು ಬಂದಾಗ ಮ್ಯಾನೇಜರ್ ಒಬ್ಬರು ಅವರನ್ನು ಆರು ತಿಂಗಳು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು, ನೋಡಿ ಕಲಿಯಲಿ ಅಂತ. ಕ್ಯಾಷ್ ಕೌಂಟರ್‌ನಲ್ಲಿ ಕೂರದೆ ನೋಟು ಎಣಿಸಲು ಬರುತ್ತದೆಯೇ?"

ಹುಡುಗನನ್ನು ಹೈ-ಎಗೆ ಇಳಿಸಿ, ಅಲ್ಲಿ ಜಾಗ ಮಾಡಿ ದಿನವೂ ಆಡಿಸಿ ಎಂದೆ. ಇಳಿಸುವುದೆಂದ ಕೂಡಲೇ ಅವರ ಮುಖ ಬಿಗಿಯಿತು. ಬ್ಯಾಂಕಿನಲ್ಲಿ ಹಿಂಬಡ್ತಿ ಎಂದರೆ ವಿಚಾರಣೆ ನಡೆದು, ತಪ್ಪು ಸಾಬೀತಾಗಿ, ಮುಖ ತೋರಿಸಲಾರದ ಸ್ಥಿತಿ. ಹುಡುಗ ಏನು ತಪ್ಪು ಮಾಡಿದ್ದಾನೆ? ಆಗ ರಾಯ್ ಹ್ಯಾಲಡೇ ಕಥೆ ಹೇಳಿದೆ. ಟೊರಾಂಟೊ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವನು. 2000ದಲ್ಲಿ ಅವನ ಇಆರ್‌ಎ 10.64. ಎಂದರೆ ಒಂಬತ್ತು ಇನಿಂಗ್ಸ್ ಎಸೆದರೆ ಹತ್ತಕ್ಕೂ ಮೇಲೆ ರನ್. ಅಷ್ಟು ಕೆಟ್ಟದ್ದು ನೋಡಸಿಗುವುದೇ ಅಪರೂಪ. ಮರುವರ್ಷ ಅವನನ್ನು ಡುನೆಡಿನ್‌ನ ಎ ದರ್ಜೆಯ ತಂಡಕ್ಕೆ, ಕೆಳಗೆ, ಬಹಳ ಕೆಳಗೆ ಕಳಿಸಿದರು. ಅಲ್ಲಿ ಎಸೆಯುವ ಬಗೆಯನ್ನೇ ಹೊಸದಾಗಿ ಕಟ್ಟಿಕೊಂಡ. ಅದೇ ವರ್ಷ ಮೇಲೆ ಬಂದ. 2003ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. 2019ರಲ್ಲಿ ಹಾಲ್ ಆಫ್ ಫೇಮ್ ಸೇರಿದ, ಆಗ ಅವನು ಬದುಕಿರಲಿಲ್ಲ.

ಬುಧವಾರ ಬಂದ ಕಡತದಲ್ಲಿ ದೊರೆಮಗ ಹೈ-ಎಯಲ್ಲಿದ್ದ. ಅಲ್ಲಿದ್ದ ಶಾರ್ಟ್‌ಸ್ಟಾಪ್‌ನನ್ನು ಸೆಕೆಂಡ್ ಬೇಸ್‌ಗೆ ಸರಿಸಿ, ಪಟ್ಟಿಯನ್ನು ರಾಯರೇ ಬರೆದಿದ್ದರು. ದೊರೆಮಗನ ಸರದಿ ಎರಡನೆಯದು, ವಾರದ ಎಲ್ಲ ದಿನವೂ. ಇನ್ನೊಂದು ಕೆಲಸವನ್ನು ನನಗೆ ಹೇಳದೆ ಮಾಡಿದ್ದರು: ಆಟಗಾರರ ಪುಟದಲ್ಲಿ ಯಾವ ಕಾಲಂ ಕಾಣಬೇಕೆಂದು ನಾವೇ ಆರಿಸಿಕೊಳ್ಳಬಹುದು, ಅಲ್ಲಿ ಭವಿಷ್ಯದ ಅಂಕದ ಕಾಲಂ ಅನ್ನೇ ತೆಗೆದುಹಾಕಿದ್ದರು.

ಜುಲೈಯಲ್ಲಿ ಹುಡುಗ 0.231 ಹೊಡೆದ. ರಾಯರು ಅಲುಗಲಿಲ್ಲ. ನಾಲ್ಕನೆಯ ಋತುವಿನ ಅರ್ಧದವರೆಗೂ ಅಲ್ಲೇ ಇಟ್ಟರು. 0.291ಕ್ಕೆ ಬಂದ ಮೇಲೆಯೇ ಡಬಲ್-ಎಗೆ ಏರಿಸಿದರು, ಅದೂ ಅಲ್ಲಿನ ಶಾರ್ಟ್‌ಸ್ಟಾಪ್ ಜಾಗ ಖಾಲಿಯಾದ ವಾರದಲ್ಲಿ. ಮೂರಕ್ಕೊಂದು ಇದ್ದ ಸ್ಟ್ರೈಕ್‌ಔಟ್ ಐದಕ್ಕೊಂದಕ್ಕೆ ಇಳಿಯಿತು. ಐದನೆಯ ಋತು ಟ್ರಿಪಲ್-ಎಯಲ್ಲಿ ಕಳೆಯಿತು.

ಇಳಿಸಿದ್ದರಿಂದಲೇ ಹುಡುಗ ಸುಧಾರಿಸಿದ ಎಂದು ನಾನು ಆಣೆ ಮಾಡಿ ಹೇಳಲಾರೆ. ಇಪ್ಪತ್ತು, ಇಪ್ಪತ್ತೊಂದು ಹುಡುಗರು ಹೇಗೂ ಬಲಿಯುವ ವಯಸ್ಸು. ಆ 100ರ ತಿರುಗಣೆ ಒಳಗೆ ಯಾವ ದಾಳ ಉರುಳಿಸಿತೋ ಯಾರಿಗೆ ಗೊತ್ತು. ಆ ಜೂನ್‌ನ ಕಡತ ನನ್ನ ಬಳಿ ಇನ್ನೂ ಇದೆ. ಇಳಿಸದೆ ಆಡಿಸಿದ್ದರೆ ಏನಾಗುತ್ತಿತ್ತು ಎಂದು ಓಡಿಸಿ ನೋಡಬಹುದು. ಆದರೆ ಒಂದು ಸಲ ಓಡಿಸಿದರೆ ಸಿಗುವುದು ಇನ್ನೊಂದು ದಾಳ ಮಾತ್ರ. ಬೆಂಚಿನ ಮೇಲೆ ಕುಳಿತ 20ರ ಹುಡುಗನಿಂದ ಏನನ್ನೂ ನಿರೀಕ್ಷಿಸುವಂತಿಲ್ಲ ಎಂಬುದಷ್ಟೇ ನನಗೆ ಖಚಿತ. ಅಂದಿನಿಂದ ಯಾರಾದರೂ ತಮ್ಮ ಹುಡುಗ ಬೆಳೆಯುತ್ತಿಲ್ಲ ಎಂದು ಬಂದರೆ ನಾನು ಮೊದಲು ಕೇಳುವುದು ಸರದಿ ಎಷ್ಟು ಎಂದು. ಕೋಚ್, ಬಜೆಟ್, ಹುಡುಗನ ಸ್ವಭಾವ ಎಲ್ಲ ಆಮೇಲೆ.

ಡಿಸೆಂಬರ್

ಈಗ ಪುಟ್ಟ. 16ಕ್ಕೆ ಬಂದಾಗ ಸ್ಕೌಟ್ ಅವನಿಗೆ ಕೊಟ್ಟ ಭವಿಷ್ಯ 40. ದುಡಿಮೆಯ ಗುಣ ಮಾತ್ರ 'ಹೆಚ್ಚು' ಎಂದಿತ್ತು. ದೊರೆಮಗನ ಗಲಾಟೆಯಲ್ಲಿ ಅವನನ್ನು ಯಾರೂ ನೋಡಲಿಲ್ಲ. ಅದೇ ಅವನ ಪುಣ್ಯವಾಯಿತು. ತಂಡದ ತರಬೇತಿ ಕೇಂದ್ರವಾದ ಕಾಂಪ್ಲೆಕ್ಸ್‌ನಲ್ಲಿ ಇದ್ದಷ್ಟು ದಿನ ಇದ್ದ, ಆಮೇಲೆ ವರ್ಷಕ್ಕೆ ಒಂದೇ ಮೆಟ್ಟಿಲು. ಕೆಳಗಿನ ಔಟ್‌ಫೀಲ್ಡ್‌ನಲ್ಲಿ ಪೈಪೋಟಿಗೆ ಬೇರೆ ಯಾರೂ ಇರಲಿಲ್ಲವಾದ್ದರಿಂದ ದಿನವೂ ಆಡಿದ. ಐದನೆಯ ಋತುವಿನಲ್ಲಿ ಹೈ-ಎಯಲ್ಲಿ 0.302.

18 ಅಥವಾ ಅದಕ್ಕೂ ಚಿಕ್ಕ ವಯಸ್ಸಿನಲ್ಲಿ ಸಹಿ ಹಾಕಿದವನನ್ನು ಐದು ಋತು ಕಳೆದ ಮೇಲೆ 40ರ ಪಟ್ಟಿಗೆ ಸೇರಿಸದಿದ್ದರೆ, ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಯಾವ ತಂಡ ಬೇಕಾದರೂ ಎತ್ತಿಕೊಳ್ಳಬಹುದು. ಶುಲ್ಕ ಒಂದು ಲಕ್ಷ ಡಾಲರ್. ಎತ್ತಿಕೊಂಡವರು ಅವನನ್ನು ಮರುವರ್ಷ ಪೂರ್ತಿ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು. ರಾಯರ ಪಟ್ಟಿಯಲ್ಲಿ 40 ಹೆಸರೂ ತುಂಬಿದ್ದವು. ದೊರೆಮಗ ಇದ್ದ. ಅವನಂತೆಯೇ ಮೊದಲ ಎರಡು ವರ್ಷದ ಉತ್ಸಾಹದಲ್ಲಿ ಸೇರಿಸಿದ ಮೂವರು ಹುಡುಗರಿದ್ದರು. 34ರ ಒಬ್ಬ ಪಿಚರ್ ಇದ್ದ, ಅವನನ್ನು ಬಿಟ್ಟಿದ್ದರೆ ಒಂದು ಜಾಗ ಸಿಗುತ್ತಿತ್ತು.

ಯಾರನ್ನು ಉಳಿಸುವುದೆಂದು ತೂಗಲು ರಾಯರು ಎರಡು ವರ್ಷದಿಂದ ಮುಚ್ಚಿಟ್ಟಿದ್ದ ಕಾಲಂ ತೆರೆದರು. ಪುಟ್ಟನ ಮುಂದೆ 45 ಎಂದಿತ್ತು. ಮುಚ್ಚಿದರು. 34ರ ಪಿಚರ್ ಉಳಿದ.

ಕಮಿಷನರ್‌ಗೆ ಎಲ್ಲರ ಪಟ್ಟಿಗಳೂ ಕಾಣುತ್ತವೆ. ಪುಟ್ಟನ ಹೆಸರಿಲ್ಲದ್ದನ್ನು ನಾನು ನೋಡಿದೆ. ಸಲಹೆಯ ಮೂರು ಋತು ಮುಗಿದು ಎರಡಾಗಿತ್ತು. ಗಡುವಿನ ಸಂಜೆ ಬೇರೆ ಏನೋ ವಿಷಯಕ್ಕೆ ರಾಯರು ಫೋನ್ ಮಾಡಿದ್ದರು. ಮಳೆ, ಮೊಮ್ಮಗಳು, ಮೊಣಕಾಲು ನೋವು ಎಲ್ಲ ಮಾತಾಡಿದೆವು. ಅಷ್ಟು ಕಷ್ಟದ ಇಪ್ಪತ್ತು ನಿಮಿಷ ಈ ಆಟ ನನಗೆ ಬೇರೆ ಯಾವತ್ತೂ ಕೊಟ್ಟಿಲ್ಲ.

ಲೀಗಿನ ಇನ್ನೊಬ್ಬ ಸದಸ್ಯರು ಪುಟ್ಟನನ್ನು ಎತ್ತಿಕೊಂಡರು. ರಾತ್ರಿ ರಾಯರಿಂದ ಎರಡು ಪದ ಬಂತು: "ಕಾಲಂ ತೆರೆದೆ."

ತಪ್ಪಾದದ್ದು ಆ ಡಿಸೆಂಬರ್‌ನಲ್ಲಿ ಎಂದು ರಾಯರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎರಡನೆಯ ಋತುವಿನ ಸೆಪ್ಟೆಂಬರ್‌ನಲ್ಲಿ 14 ಸರದಿಯ ಖುಷಿಗಾಗಿ ಕೊಟ್ಟ ಜಾಗ ಅಂದಿನಿಂದ ತುಂಬಿಯೇ ಇತ್ತು. ಅವನಂತೆ ಅವಸರದಿಂದ ಸೇರಿದ ಮೂವರದೂ ಸೇರಿ ನಾಲ್ಕು ಕುರ್ಚಿ. ದೊರೆಮಗನಿಗೆ ಆ ಡಿಸೆಂಬರ್‌ನಲ್ಲಿ ಹೇಗೂ ಒಂದು ಬೇಕಾಗುತ್ತಿತ್ತು, ಆದರೆ ಉಳಿದ ಮೂರು ಖಾಲಿಯಿದ್ದಿದ್ದರೆ ಪುಟ್ಟನೋ ಮುದಿ ಪಿಚರೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಜಾಗ ಬಿಗಿಯಾದಾಗ ಮನುಷ್ಯ ಸಿಕ್ಕ ಅಂಕಿಯನ್ನು ಹಿಡಿದುಕೊಳ್ಳುತ್ತಾನೆ. ನಾನಾಗಿದ್ದರೂ ಬಹುಶಃ ಕಾಲಂ ತೆರೆಯುತ್ತಿದ್ದೆ. ಆ ಸೆಪ್ಟೆಂಬರ್‌ನಲ್ಲಿ ಸಲಹೆ ಕೊಡುವ ಅಧಿಕಾರ ನನಗಿತ್ತು. ಹುಡುಗನ ಸರಾಸರಿ ತೋರಿಸಿ ಬೇಡವೆಂದೆನೇ ಹೊರತು ಕುರ್ಚಿಯ ಲೆಕ್ಕ ತೋರಿಸಲಿಲ್ಲ. ಈಗ ಹೊಸಬರಿಗೆ ಮೊದಲ ವಾರವೇ ಒಂದು ಕಾಗದ ಹಿಡಿಸುತ್ತೇನೆ. ಯಾವ ಹುಡುಗನ ಐದು ಋತು ಯಾವ ಡಿಸೆಂಬರ್‌ಗೆ ತುಂಬುತ್ತದೆಂದು ಪೆನ್ಸಿಲಿನಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ ಎನ್ನುತ್ತೇನೆ.

ಆರನೆಯ ಋತುವಿಗೆ ದೊರೆಮಗನ ಆಪ್ಷನ್ ಮುಗಿದಿದ್ದವು. ಕೆಳಗೆ ಕಳಿಸಿದರೆ ಬೇರೆಯವರು ಕೊಂಡೊಯ್ಯುತ್ತಾರೆ, ಮೇಲಿಟ್ಟರೆ ಆಡಿಸಲು ಜಾಗವಿಲ್ಲ. ಸ್ಕೌಟ್‌ನ ಮಾತಿನಲ್ಲಿ ಅವನು ಈಗ ಸೆಕೆಂಡ್ ಬೇಸ್‌ನ 50, ಅಂದರೆ ಒಬ್ಬ ಸಾಧಾರಣ ಮೇಜರ್ ಲೀಗ್ ಆಟಗಾರ. 70 ಎಂದು ತಂದವನಿಗೆ ಅದು ಕಡಿಮೆ. 0.198 ನೋಡಿದವರಿಗೆ ಅದೇನೂ ಕಡಿಮೆಯಲ್ಲ. ಮೇ ತಿಂಗಳಲ್ಲಿ ರಾಯರು ಅವನನ್ನು ಕೊನೆಯ ಸಾಲಿನ ಒಂದು ಗಣಕದ ತಂಡಕ್ಕೆ ಕೊಟ್ಟು ಎಡಗೈ ರಿಲೀವರ್ (ಪಂದ್ಯದ ನಡುವೆ ಎಸೆಯಲು ಬರುವ ಪಿಚರ್) ಒಬ್ಬನನ್ನು ಪಡೆದರು. ಕಡಿಮೆ ಬೆಲೆಗೆ ಕೊಟ್ಟಿರಲ್ಲ ಸರ್ ಎಂದು ನಾನು ಚುಚ್ಚಿದೆ. "ಅಲ್ಲಿ ದಿನವೂ ಆಡಿಸುತ್ತಾರೆ" ಎಂದರು.

ಪುಟ್ಟನಿಗೆ ಆ ಭಾಗ್ಯವಿರಲಿಲ್ಲ. ಎತ್ತಿಕೊಂಡವರು ನಿಯಮಕ್ಕೆ ಕಟ್ಟುಬಿದ್ದು ಅವನನ್ನು ಮೇಜರ್ ಲೀಗ್ ಬೆಂಚಿನಲ್ಲಿ ಕೂರಿಸಿದರು. ಜುಲೈ ಹೊತ್ತಿಗೆ 46 ಸರದಿ, 0.174. ಅಷ್ಟರಲ್ಲಿ ಅವರ ಇಬ್ಬರು ಔಟ್‌ಫೀಲ್ಡರ್‌ಗಳು ಗಾಯಗೊಂಡು, ಈಗಲೇ ಆಡಬಲ್ಲ ಒಬ್ಬನಿಗೆ ಜಾಗ ಬೇಕಾಯಿತು. ಪುಟ್ಟನನ್ನು ಬಿಟ್ಟರು. ಮೊದಲು ಉಳಿದ ತಂಡಗಳೆಲ್ಲ ಬೇಕೇ ಬೇಡವೇ ಎಂದು ಹೇಳಬೇಕು. 0.174 ನೋಡಿ ಯಾರೂ ಕೈ ಎತ್ತಲಿಲ್ಲ. ಆಮೇಲೆ ಹಳೆಯ ತಂಡಕ್ಕೆ 50 ಸಾವಿರ ಡಾಲರ್‌ಗೆ ಮರಳಿ ಕೊಳ್ಳುವ ಅವಕಾಶ. ರಾಯರು ಸಂದೇಶ ನೋಡಿದ ಐದು ನಿಮಿಷದಲ್ಲಿ ಒಪ್ಪಿಗೆ ಕಳಿಸಿದರು.

ಶುಕ್ರವಾರದ ಕಡತ ತೆರೆದಾಗ ಪುಟ್ಟ ಡಬಲ್-ಎಯಲ್ಲಿದ್ದ. ಪಟ್ಟಿಯನ್ನು ಗಣಕ ಬರೆದಿರಲಿಲ್ಲ. ಲೆಫ್ಟ್ ಫೀಲ್ಡ್, ಎರಡನೆಯ ಸರದಿ, ಏಳೂ ದಿನ. ಅವನ ಬಗ್ಗೆ ಹೊಸ ಸ್ಕೌಟ್ ವರದಿ ಬಂದಿರುವ ಗುರುತೂ ಆ ಪುಟದ ಮೇಲಿತ್ತು. ತೆರೆದು ನೋಡಿದಿರಾ ಎಂದು ನಾನು ರಾಯರನ್ನು ಕೇಳಲಿಲ್ಲ.